ಹಿರಿಯರ ಬಲವನ್ನರಿತು ಚಿಕಿತ್ಸೆ

ಯಾದಗಿರಿ, ಶಹಾಪುರ, ಸುರಪುರಗಳ ಕಡೆ ಪುರಾಣ-ಪ್ರವಚನಗಳಿಗೆಂದು ಹೋದಾಗಲೆಲ್ಲ ಸದ್ಭಕ್ತರು ಮನೆಯ ಸುಖದುಃಖಗಳನ್ನೂ ನನ್ನೊಡನೆ ಹೇಳಿಕೊಳ್ಳುವುದುಂಟು. ಈಚೆಗೆ ಕ್ಯಾನ್ಸರಿನ ಮಾತು ಹೆಚ್ಚಾಗಿ ಕಿವಿಗೆ ಬೀಳುತ್ತಿದೆ. ರೋಗಿ ವಯೋವೃದ್ಧರಾದರೆ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. "ಈ ವಯಸ್ಸಿನ್ಯಾಗ ಮುತ್ಯಾಗ ಯಾಕ್ರೀ ಈ ಕಷ್ಟ?" ಎಂಬುದೊಂದು, "ಹೊಲ ಮಾರಿಯಾದ್ರೂ ದೊಡ್ಡ ಇಲಾಜು ಮಾಡಸೋಣು" ಎಂಬುದಿನ್ನೊಂದು. ಎರಡೂ ಪ್ರೀತಿಯ ಮಾತುಗಳೇ. ಆದರೆ ಮುತ್ಯಾನ ದೇಹಬಲ ಎಷ್ಟೆಂಬುದನ್ನು ಎರಡು ಪಕ್ಷದವರೂ ವಿಚಾರಿಸುವುದಿಲ್ಲ.

ಸುರಪುರದ ಸಮೀಪದ ಹಳ್ಳಿಯಲ್ಲಿ ನಾನು ಬಲ್ಲ ಹಿರಿಯರೊಬ್ಬರು 78ರ ವಯಸ್ಸಿನಲ್ಲೂ ಹೊಲಕ್ಕೆ ನಡೆದೇ ಹೋಗುತ್ತಿದ್ದರು. ಅವರಿಗಿಂತ ಹತ್ತು ವರ್ಷ ಕಿರಿಯರಾದ ಶಹಾಪುರದವರೊಬ್ಬರಿಗೆ ಮಧುಮೇಹ, ಹೃದ್ರೋಗ. ಎರಡು ಸಲ ಜಾರಿ ಬಿದ್ದವರು. ಒಂದೇ ಔಷಧವನ್ನು ಈ ಇಬ್ಬರ ದೇಹಗಳೂ ಒಂದೇ ರೀತಿ ತಾಳಬಲ್ಲವೇ?

ಇದನ್ನರಿಯಲು ವೈದ್ಯರಲ್ಲಿ ಒಂದು ಕ್ರಮವಿದೆ. ಸ್ನಾನ, ಉಡುಗೆ, ಊಟಗಳನ್ನು ತಾವೇ ಮಾಡಿಕೊಳ್ಳಬಲ್ಲರೇ, ಕುರ್ಚಿಯಿಂದೆದ್ದು ಕೆಲವು ಹೆಜ್ಜೆ ನಡೆದು ಮರಳಲು ಎಷ್ಟು ಹೊತ್ತು ಬೇಕು, ತೂಕ ಇಳಿದಿದೆಯೇ, ನೆನಪು ಹೇಗಿದೆ, ಮನಸ್ಸು ಕುಗ್ಗಿದೆಯೇ, ಬೇರೆ ಕಾಯಿಲೆಗಳೇನು, ನಿತ್ಯ ಎಷ್ಟು ಗುಳಿಗೆ, ಮನೆಯಲ್ಲಿ ನೋಡಿಕೊಳ್ಳುವವರು ಯಾರು — ಇವೆಲ್ಲವನ್ನೂ ತೂಗಿ ಚಿಕಿತ್ಸೆಯನ್ನು ನಿರ್ಧರಿಸುತ್ತಾರೆ. ಕೀಮೋಥೆರಪಿ ಪಡೆಯುವ, 65 ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನವರಿಗೆ ಈ ಪರೀಕ್ಷೆ ಆಗಬೇಕೆಂದು ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘವು 2018ರಲ್ಲಿ ಶಿಫಾರಸು ಮಾಡಿತು. ಆ ದೇಶದಲ್ಲಿ 70 ಮತ್ತು ಅದಕ್ಕೆ ಮೇಲ್ಪಟ್ಟ 718 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಪರೀಕ್ಷೆಯ ವರದಿ ವೈದ್ಯರ ಕೈಸೇರದ ಗುಂಪಿನಲ್ಲಿ ನೂರಕ್ಕೆ 71 ಮಂದಿಗೆ ಔಷಧದ ತೀವ್ರ ದುಷ್ಪರಿಣಾಮವಾದರೆ, ವರದಿ ಕೈಸೇರಿದ ಗುಂಪಿನಲ್ಲಿ 51 ಮಂದಿಗೆ ಮಾತ್ರ ಆಯಿತು. ಆರು ತಿಂಗಳ ತರುವಾಯ ಬದುಕುಳಿದವರ ಪ್ರಮಾಣದಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿಯೂ ಹಿರಿಯರಿಗೆಂದೇ ಇಂಥ ವಿಭಾಗ ನಡೆದಿದೆ.

ನಮ್ಮ ಭಾಗದವರು ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೋ ಬೆಂಗಳೂರು, ಹೈದರಾಬಾದುಗಳಿಗೋ ಹೋಗುವಾಗ ಹಿರಿಯರು ನುಂಗುವ ಎಲ್ಲ ಗುಳಿಗೆಗಳ ಪಟ್ಟಿ, ಬಿದ್ದೆದ್ದ ಸಂದರ್ಭ, ಊಟ-ನಿದ್ರೆಗಳ ವಿವರಗಳನ್ನು ಬರೆದೊಯ್ಯಬೇಕು. "ಇವರ ಬಲವನ್ನು ಪರೀಕ್ಷಿಸಿ ಹೇಳಿರಿ" ಎಂದು ಸಂಕೋಚವಿಲ್ಲದೆ ಕೇಳಬೇಕು.

ಎಲ್ಲಕ್ಕಿಂತ ಮೊದಲು ಹಿರಿಯರನ್ನೇ ಕೇಳಬೇಕು. ರೋಗದ ಹೆಸರನ್ನು ಅವರಿಂದ ಮುಚ್ಚಿಡುವುದು ನಮ್ಮ ಮನೆಗಳಲ್ಲಿ ರೂಢಿ. ಸುರಪುರದ ಕಡೆಯ ಆ ಹಿರಿಯರಿಗೆ ಮಗ ಧೈರ್ಯಮಾಡಿ ತಿಳಿಸಿದಾಗ ಅವರೆಂದರು: "ಔಷಧ ತಗೋತೀನಪ್ಪಾ. ಆದ್ರ ಮುಂಜಾನೆ ಲಿಂಗಪೂಜಿ ನನ್ನ ಕೈಲೇ ಆಗಬೇಕು. ಹಾಸಿಗಿ ಹಿಡಿಸಬ್ಯಾಡ." ಆ ಮಾತನ್ನು ಕೇಳಿದ ವೈದ್ಯರು ಔಷಧವನ್ನು ಕಡಿಮೆ ಪ್ರಮಾಣದಿಂದಲೇ ಆರಂಭಿಸಿದರು.

ನಾನೂ 65 ದಾಟಿದವನು. ನನ್ನ ಪಾಳಿ ಬಂದಾಗ ಶಿಷ್ಯರು, ಬಂಧುಗಳು ಹೊರಗೆ ನಿಂತು ನಿರ್ಣಯಿಸದೆ ನನ್ನ ಬಳಿ ಕುಳಿತು ಕೇಳಲೆಂಬುದೇ ನನ್ನ ಅಪೇಕ್ಷೆ.