ಮೆಂತ್ಯದ ದಾಯಾದಿ

ದಿನಾ ನನ್ನ ತಿಂಡಿಯ ತಟ್ಟೆಯ ಆಚೆ ಈಚೆ ಎರಡು ಲೋಟ. ಎಡಕ್ಕೆ ಅಮ್ಮ ರಾತ್ರಿಯೇ ನೆನೆಹಾಕಿದ ಮೆಂತ್ಯದ ಲೋಳೆನೀರು. ಬಲಕ್ಕೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ನುಂಗಲೆಂದು ಹೆಂಡತಿ ಇಟ್ಟ ಬಿಸಿನೀರು. ‘ಆ ಕೆಮಿಕಲ್ಲು ಯಾಕೋ ನಿನಗೆ?’ ಅನ್ನುವುದು ಅಮ್ಮನ ವಾದ. ‘ಮೆಂತ್ಯದಲ್ಲೇ ಹೋಗೋ ಹಾಗಿದ್ದರೆ ಡಾಕ್ಟರು ಯಾಕೆ?’ ಅನ್ನುವುದು ಹೆಂಡತಿಯ ಪಾಟೀಸವಾಲು. ಎರಡನ್ನೂ ಗಂಟಲಿಗಿಳಿಸುವ ನಾನು ಖಾಯಂ ಪಕ್ಷಾಂತರಿ.

‘ಇನ್ಸುಲಿನ್ ನಿಮ್ಮಲ್ಲಿದೆ, ಮೈ ಅದರ ಮಾತು ಕೇಳುತ್ತಿಲ್ಲ ಅಷ್ಟೆ’ ಎಂದು ಡಾಕ್ಟರು ಹೇಳಿದಾಗ ನನಗೆ ಥಟ್ಟನೆ ಅರ್ಥವಾಗಿತ್ತು. ಮನೆಯಲ್ಲಿ ನನ್ನ ಮಾತಿಗೂ ಅದೇ ಗತಿ.

ಒಂದು ಭಾನುವಾರ ವ್ಯಾಜ್ಯ ತೀರಿಸಲೆಂದು ಮಾತ್ರೆಯ ಕುಲಗೋತ್ರ ಕೆದಕಿದೆ. ಅದರ ಮುತ್ತಜ್ಜಿ ಗೆಲೀಗಾ ಎಂಬ ನೇರಳೆ ಹೂವಿನ ಗಿಡ. ತವರು ದಕ್ಷಿಣ ಯುರೋಪಿನ ಕಡೆ. ಕುಟುಂಬ ನೋಡಿದರೆ ಬಟಾಣಿಯದು, ಅಂದರೆ ಮೆಂತ್ಯದ ದಾಯಾದಿ! ಗ್ರೀಕಿನಲ್ಲಿ ‘ಗಾಲ’ ಎಂದರೆ ಹಾಲು. ಮೇಯಿಸಿದರೆ ಮೇಕೆಗೆ ಹಾಲು ಹೆಚ್ಚುತ್ತದೆಂಬ ನಂಬಿಕೆಯಿಂದ ಬಂದ ಹೆಸರು. ನಮ್ಮಲ್ಲಿ ಬಾಣಂತಿಗೆ ಮೆಂತ್ಯದ ಉಂಡೆ ತಿನ್ನಿಸುವುದೂ ಅದೇ ಆಸೆಯಿಂದ. ನಾನು ಹುಟ್ಟಿದಾಗ ಅಜ್ಜಿ ಕಟ್ಟಿದ ಉಂಡೆಗಳ ಕಹಿ ಅಮ್ಮನ ನಾಲಿಗೆಯಲ್ಲಿ ಇನ್ನೂ ಇದೆ.

ಆದರೆ ಗೆಲೀಗಾ ಸಾಧು ಗಿಡವಲ್ಲ. ಮೇವಿಗೆಂದು ಅಮೆರಿಕದ ಯೂಟಾಕ್ಕೆ ಒಯ್ದು ಬಿತ್ತಿದರೆ ಕಳೆಯಾಗಿ ಹಬ್ಬಿತು. ಕುರಿಗಳಿಗಂತೂ ಅದು ವಿಷ. ಅದರೊಳಗಿನ ಗೆಲಿಜಿನ್ ಎಂಬ ಗುವಾನಿಡಿನ್ ವಂಶದ ರಾಸಾಯನಿಕ ರಕ್ತದ ಸಕ್ಕರೆಯನ್ನು ಇಳಿಸುತ್ತದೆ, ಪ್ರಮಾಣ ಮೀರಿದರೆ ಜೀವವನ್ನೇ ತೆಗೆಯುತ್ತದೆ. ಅದೇ ವಂಶದ ಮೆಟ್‌ಫಾರ್ಮಿನ್ 1922ರಲ್ಲಿ ಡಬ್ಲಿನ್‌ನಲ್ಲಿ ವರ್ನರ್ ಮತ್ತು ಬೆಲ್ ಎಂಬ ರಸಾಯನಜ್ಞರ ಕೈಯಲ್ಲಿ ಹುಟ್ಟಿತು. ಹುಟ್ಟಿದ ಗಳಿಗೆ ಸರಿಯಿರಲಿಲ್ಲ. ಅದೇ ವರ್ಷ ಟೊರಾಂಟೊದಲ್ಲಿ ಇನ್ಸುಲಿನ್ ಚುಚ್ಚುಮದ್ದು ಮೊದಲ ರೋಗಿಯನ್ನು ಬದುಕಿಸಿತ್ತು. ಊರಿಗೆ ಊರೇ ಆ ಮದುವೆಮನೆಯಲ್ಲಿದ್ದಾಗ ಈ ಕೂಸನ್ನು ಕೇಳುವವರು ಯಾರು? ನಾಮಕರಣವಾಗಲು 1957 ಬರಬೇಕಾಯಿತು. ಪ್ಯಾರಿಸ್ಸಿನ ವೈದ್ಯ ಜಾಂ ಸ್ಟೆರ್ನ್ ರೋಗಿಗಳಿಗೆ ಕೊಟ್ಟು ನೋಡಿ, ‘ಗ್ಲೂಕೋಫೇಜ್’ ಎಂದು ಹೆಸರಿಟ್ಟ. ನಮ್ಮ ಭಾಷೆಯಲ್ಲಿ ಸಕ್ಕರೆಬಾಕ. ನಿಜವಾಗಿ ಅದು ಸಕ್ಕರೆ ತಿನ್ನುವುದಿಲ್ಲ. ಯಕೃತ್ತು ಕೇಳದೆಯೇ ರಕ್ತಕ್ಕೆ ಬಡಿಸುವ ಸಕ್ಕರೆಯ ಸೌಟನ್ನು ಹಿಡಿದುಕೊಳ್ಳುತ್ತದೆ.

ಮೆಂತ್ಯದ್ದು ಬೇರೆ ಪಟ್ಟು. ಅದರ ಲೋಳೆಯ ನಾರು ಕರುಳಿನಲ್ಲೇ ಸಕ್ಕರೆಯನ್ನು ತಡೆದು ನಿಧಾನಿಸುತ್ತದೆ. ಕೆಲಸ ಒಳ್ಳೆಯದೇ, ಆದರೆ ಮಾತ್ರೆಯ ಜಾಗ ತುಂಬುವಷ್ಟಲ್ಲ.

ಇಷ್ಟನ್ನೂ ಅಮ್ಮನಿಗೆ ಒಪ್ಪಿಸಿದೆ. ಮಾತ್ರೆಯ ಹಾಳೆಯನ್ನು ಮೊದಲ ಸಲ ಕೈಗೆತ್ತಿಕೊಂಡು, ಹೊಸ ಸೊಸೆಯನ್ನು ನೋಡುವಂತೆ ತಿರುಗಿಸಿ ಮುರುಗಿಸಿ ನೋಡಿದಳು.

‘ದಾಯಾದಿ ಅಂದಮೇಲೆ ಪಾಲು ಕೊಡಲೇಬೇಕು ಬಿಡು. ಹಾಗಂತ ಇಡೀ ಮನೆ ಬರೆದುಕೊಡೋಕಾಗುತ್ತಾ?’ ಎಂದವಳೇ ಎಡಗಡೆಯ ಲೋಟವನ್ನು ನನ್ನ ಮುಂದಕ್ಕೆ ತಳ್ಳಿದಳು.