ನನ್ನ ಅಳತೆಯ ಕೋವಿ

ಒಂದು ರವಿಕೆ ಹೊಲಿಸಬೇಕಾದರೆ ನಾವು ಎಷ್ಟು ಸಲ ಅಳತೆ ಕೊಡುತ್ತೇವೆ! ತೋಳು ಅರ್ಧ ಇಂಚು ಹೆಚ್ಚಾದರೆ ಟೈಲರ್ ಹತ್ತಿರ ಜಗಳವಾಡಿ ಬಿಚ್ಚಿಸುತ್ತೇವೆ. ಆದರೆ ಬೀರುವಿನಲ್ಲಿ ಸೀರೆಗಳ ಹಿಂದೆ ನಿಂತಿರುವ ಕೋವಿ ಯಾರ ಅಳತೆಗೆ ಮಾಡಿದ್ದು ಅಂತ ಯಾರಾದರೂ ಕೇಳಿದ್ದೀವಾ? ನಾನಂತೂ ಇಪ್ಪತ್ತು ವರ್ಷ ಕೇಳಿರಲಿಲ್ಲ.

ನಮ್ಮದು ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆ ಹೋಗುವಾಗ ರಾಜಾನುಕುಂಟೆ ದಾಟಿ ಒಳಗೆ ಹೋದರೆ ಸಿಗುವ ತೋಟದ ಮನೆ. ದ್ರಾಕ್ಷಿ ಚಪ್ಪರ, ಒಂದಿಷ್ಟು ಗುಲಾಬಿ, ಎರಡು ಹಸು. ನಮ್ಮವರಿಗೆ ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ಕೆಲಸ, ರಾತ್ರಿ ಪಾಳಿ ಬಂತೆಂದರೆ ಮನೆಯಲ್ಲಿ ನಾನು, ಅತ್ತೆ, ಮಾವ, ಪಿ.ಯು.ಸಿ. ಓದುವ ಮಗಳು ಅಷ್ಟೆ. ಪಕ್ಕದ ಮನೆಯ ದೀಪ ಕಾಣುತ್ತೆ, ಕೂಗಿದರೆ ಕೇಳಿಸಲ್ಲ.

2023ರ ಶ್ರಾವಣ. ರಾತ್ರಿ ಒಂದೂವರೆ ಇರಬಹುದು. ನಾಯಿ ಒಂದೇ ಸಮ ಬೊಗಳಿತು. ಕಿಟಕಿಯಿಂದ ನೋಡಿದರೆ ಬೋರ್‌ವೆಲ್ ಹತ್ತಿರ ಟಾರ್ಚು, ಮೂರು ಜನ. ನಮ್ಮ ಕಡೆ ತಾಮ್ರದ ಕೇಬಲ್ ಕದಿಯುವವರ ಕಾಟ ನಿಮಗೂ ಗೊತ್ತಿರಬೇಕು. ಮಾವನವರಿಗೆ ಮೊಣಕಾಲು ನೋವು, ಎದ್ದು ನಿಲ್ಲುವುದೇ ಕಷ್ಟ. ಮಂಚದ ಮೇಲೆ ಕೂತೇ ಕೋವಿ ತರಿಸಿಕೊಂಡು ನನ್ನ ಕಡೆ ಚಾಚಿದರು. "ಹಿಡ್ಕೋಮ್ಮ, ಬಾಗಿಲ ಹಿಂದೆ ನಿಂತ್ಕೋ. ಅವರು ಒಳಗೆ ಬಂದ್ರೆ ಮಾತ್ರ," ಅಂದರು. ಭುಜಕ್ಕೆ ಇಟ್ಟುಕೊಂಡೆ. ಬೆರಳು ಟ್ರಿಗರ್‌ಗೆ ಸಿಗಲೇ ಇಲ್ಲ! ಕತ್ತು ಮುಂದಕ್ಕೆ ಚಾಚಿ, ಬೆನ್ನು ಹಿಂದಕ್ಕೆ ಬಾಗಿಸಿ, ತುಂಬಿದ ಕೊಡ ಎತ್ತಿಕೊಂಡವಳ ಹಾಗೆ ನಿಂತಿದ್ದೆ. ಮಗಳು ಫೋನಿನಲ್ಲಿ 112 ಒತ್ತುತ್ತಿದ್ದಳು. ಅವರು ಕೇಬಲ್ ಕತ್ತರಿಸಿಕೊಂಡು ಹೋದರು, ಬಾಗಿಲ ಹತ್ತಿರ ಬರಲಿಲ್ಲ. ಬಂದಿದ್ದರೆ? ಆ ಪ್ರಶ್ನೆ ಇಟ್ಟುಕೊಂಡು ಎಷ್ಟೋ ರಾತ್ರಿ ನಿದ್ದೆ ಕೆಡಿಸಿಕೊಂಡಿದ್ದೇನೆ.

ನಾನು ನಾಲ್ಕಡಿ ಹತ್ತಿಂಚು, ತೂಕ ನಲವತ್ತಾರು ಕಿಲೋ. ಮದುವೆಯಾದ ಹೊಸದರಲ್ಲಿ ಮಾವನವರ ಎದುರಿಗೇ ಒಂದು ಸಲ ಇದೇ ಕೋವಿಯಿಂದ ಹೊಡೆದಿದ್ದೆ. ಭುಜ ಹದಿನೈದು ದಿನ ನೇರಳೆ ಹಣ್ಣಿನ ಬಣ್ಣ. ಅನ್ನದ ತಪ್ಪಲೆ ಇಳಿಸಲು ಆಗುತ್ತಿರಲಿಲ್ಲ. ಕೋವಿ ಗಂಡಸರಿಗೆ ಅಂತ ಆವತ್ತೇ ತೀರ್ಮಾನ ಮಾಡಿಬಿಟ್ಟಿದ್ದೆ.

ಆ ತೀರ್ಮಾನ ಬಿಡಿಸಿದವರು ಆರ್.ಟಿ. ನಗರದಲ್ಲಿ ನಮ್ಮಕ್ಕನ ಪಕ್ಕದ ಮನೆಯಲ್ಲಿರುವ ಕೊಡಗಿನ ಆಂಟಿ. ನನಗಿಂತಲೂ ಕುಳ್ಳು, ವಯಸ್ಸು ಅರವತ್ತು ದಾಟಿದೆ. ನನ್ನ ಕಥೆ ಕೇಳಿ ನಕ್ಕು, "ನೀನು ಸಣ್ಣವಳಲ್ಲ ಮಾರಾಯ್ತಿ, ಆ ಕೋವಿ ನಿಂಗೆ ದೊಡ್ಡದು," ಅಂದರು. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬಕ್ಕೆ ತಮ್ಮ ಊರಿಗೆ ಕರೆದುಕೊಂಡು ಹೋದರು. ಅಲ್ಲಿ ಕೋವಿಗೆ ತೋಕ್‌ಪೂ ಇಟ್ಟು ಪೂಜೆ, ಆಮೇಲೆ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ. ಹೆಂಗಸರೂ ಹೊಡೆಯುತ್ತಾರೆ! ಅವರ ಅತ್ತೆಯ ಕಾಲದ ಒಂಟಿ ನಳಿಗೆ ಕೋವಿ, ಹಿಡಿ ಗಿಡ್ಡ ಮಾಡಿಸಿದ್ದು, ನನ್ನ ಭುಜಕ್ಕೆ ಸರಿಯಾಗಿ ಕೂತಿತು. ಎರಡು ತಪ್ಪಿತು, ಮೂರನೆಯದಕ್ಕೆ ಕಾಯಿ ಒಡೆಯಿತು. ಭುಜ ಸ್ವಲ್ಪ ಬಿಸಿಯಾಯಿತು ಅಷ್ಟೆ. ನಮ್ಮವರ ಮುಖ ನೀವು ನೋಡಬೇಕಿತ್ತು.

(ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡಿಯಿತು. ಆ ಭಾಗ್ಯ ನಮಗಿಲ್ಲ, ನಾವು ಅರ್ಜಿ ಹಾಕಲೇಬೇಕು.)

ಊರಿಗೆ ಬಂದ ಮೇಲೆ ಮನೆಯಲ್ಲಿ ಚರ್ಚೆಯೋ ಚರ್ಚೆ. ಹೊಸದು ಕೊಳ್ಳೋಣ, ಹಗುರವಾದದ್ದು ಕೊಳ್ಳೋಣ ಅಂತ ನಮ್ಮವರು. ಮೈದುನ ಒಬ್ಬ, 2014ರಲ್ಲಿ ಹೆಂಗಸರಿಗೆಂದೇ ಸರ್ಕಾರಿ ಕಾರ್ಖಾನೆಯವರು ತಂದ 'ನಿರ್ಭೀಕ್' ರಿವಾಲ್ವರ್ ಹೆಸರು ಹೇಳಿದ. ಅರ್ಧ ಕಿಲೋ ತೂಕವಂತೆ. ಆಂಟಿ ಫೋನಿನಲ್ಲೇ ಬೈದರು. ಹಗುರವಾದರೆ ಒದೆತ ಕಮ್ಮಿ ಅಂದುಕೊಳ್ಳುವುದೇ ದೊಡ್ಡ ತಪ್ಪು, ಒದೆಯುವುದು ತೋಟಾ, ತಡೆಯುವುದು ಕೋವಿಯ ತೂಕ. ಒರಳುಕಲ್ಲನ್ನೂ ಸ್ಟೀಲ್ ತಪ್ಪಲೆಯನ್ನೂ ಒಂದೇ ಬಲದಲ್ಲಿ ತಳ್ಳಿ ನೋಡಿ, ಯಾವುದು ಹಾರುತ್ತೆ? ಆದ್ದರಿಂದ ಎತ್ತಿ ಒಂದೆರಡು ನಿಮಿಷ ಕೈ ನಡುಗದೆ ಹಿಡಿಯಬಲ್ಲಷ್ಟು ತೂಕ ಇರಲಿ, ಅದಕ್ಕಿಂತ ಕಮ್ಮಿ ಬೇಡ. ಕಮ್ಮಿ ಮಾಡಬೇಕಾದದ್ದು ತೋಟಾದ ಜೋರು. 12 ಬೋರಿನಲ್ಲೇ ಕಡಿಮೆ ಚರೆಯ ಹಗುರ ತೋಟಾ ಸಿಗುತ್ತೆ. 20 ಬೋರ್ ಇನ್ನೂ ಮೆತ್ತಗೆ, ಆದರೆ ನಮ್ಮಲ್ಲಿ 12 ಬೋರಿನ ತೋಟಾ ಸಿಕ್ಕಷ್ಟು ಸುಲಭವಾಗಿ ಅದರದು ಸಿಗಲ್ಲ. ರಿವಾಲ್ವರ್ ಬಗ್ಗೆ ಅವರ ಮಾತು, "ಭುಜದ ಆಸರೆ ಇಲ್ಲ, ಬರೀ ಕೈ ಮೇಲೆ ನಿಲ್ಲೋದು, ಹೆದರಿದಾಗ ನಡುಗೋದೂ ಕೈಯೇ."

ತಿರುಚಿರಾಪಳ್ಳಿ ಕಾರ್ಖಾನೆಯ ಪಂಪ್ ಆಕ್ಷನ್ ಕೋವಿಯನ್ನೂ ಅಂಗಡಿಯಲ್ಲಿ ಎತ್ತಿ ನೋಡಿದೆ. ನಳಿಗೆ ಕೆಳಗಿನ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಬೇಕು. ನನ್ನ ಗಿಡ್ಡ ತೋಳಿಗೆ ಅದು ದೂರ, ಭಯದಲ್ಲಿ ಅರ್ಧಕ್ಕೇ ಬಿಟ್ಟರೆ ತೋಟಾ ಸಿಕ್ಕಿಕೊಳ್ಳುತ್ತೆ. ಮಾವನವರ ಹಳೆಯ ಜೋಡಿ ನಳಿಗೆಯನ್ನು ಮುರಿದು ಬಿಡಿಸಿದರೆ ಒಳಗೆ ತೋಟಾ ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತೆ. ಮಕ್ಕಳಿರುವ ಮನೆಗೆ ಇದಕ್ಕಿಂತ ಇನ್ನೇನು ಬೇಕು? ಅದೇ ಇರಲಿ, ಹಿಡಿ ಗಿಡ್ಡ ಮಾಡಿಸೋಣ ಅಂದೆ.

ಅಂದೆನೇನೋ. ಆ ಹಿಡಿ ಆಕ್ರೋಟು ಮರದ್ದು, ಐವತ್ತು ವರ್ಷ ಮಾವನವರ ಕೆನ್ನೆ ತಾಗಿ ನುಣುಪಾದದ್ದು. ಅವರು ಎರಡು ದಿನ ಮಾತಾಡಲಿಲ್ಲ. ಅತ್ತೆಯವರು ನನ್ನನ್ನು ಅಡಿಗೆಮನೆಗೆ ಕರೆದು, "ಅವರ ಕೈಕಾಲು ಕತ್ತರಿಸಿದ ಹಾಗಾಗತ್ತೆ ಕಣೆ," ಅಂದರು. ನನಗೂ ಸಂಕಟ. ಮೂರನೇ ದಿನ ಕಾಫಿ ಕೊಡಲು ಹೋದಾಗ ಅವರೇ ಟೇಪು ಹಿಡಿದು ಕೂತಿದ್ದರು. "ಬಾ ಇಲ್ಲಿ, ನಿಂತ್ಕೋ," ಅಂತ ಖಾಲಿ ಕೋವಿ ಕೊಟ್ಟು ಅಳೆದರು. ಟ್ರಿಗರ್‌ನಿಂದ ಹಿಡಿಯ ತುದಿಗೆ ಹದಿನಾಲ್ಕೂವರೆ ಇಂಚು. ನನಗೆ ಬೇಕಾದದ್ದು ಹದಿಮೂರು.

ಅಳತೆ ನೋಡುವುದು ಹೇಗೆ ಅಂತ ಕೇಳುತ್ತೀರಾ? ಮೊಣಕೈ ಮಡಿಸಿ, ಆ ಮಡಿಕೆಗೆ ಹಿಡಿಯ ತುದಿ ಒತ್ತಿ, ಬೆರಳಿನ ಮೊದಲ ಗೆಣ್ಣು ಟ್ರಿಗರ್‌ಗೆ ಮುಟ್ಟಬೇಕು. ಇದು ಅಂದಾಜಿಗೆ ಮಾತ್ರ. ಭುಜಕ್ಕಿಟ್ಟು ಕೆನ್ನೆ ಊರಿದಾಗ ಹೆಬ್ಬೆರಳಿಗೂ ಮೂಗಿಗೂ ಮಧ್ಯೆ ಎರಡು ಬೆರಳಿನ ಜಾಗ ಇದ್ದರೆ ಸರಿ. ದಪ್ಪ ಸ್ವೆಟರ್ ಹಾಕಿಕೊಂಡು ಅಳೆಯಬೇಡಿ, ಮೋಸ ಹೋಗುತ್ತೀರಿ. ಇನ್ನೊಂದು ವಿಷಯ, ಇದು ಹೆಂಗಸರ ಪತ್ರಿಕೆಯಾದ್ದರಿಂದ ಬಿಚ್ಚಿ ಹೇಳಬಹುದು. ಹಿಡಿಯ ಕೆಳಗಿನ ಮೂಲೆ ನಮ್ಮ ಎದೆಗೆ ಚುಚ್ಚುತ್ತೆ. ಗಂಡಸರಿಗೆ ಈ ತೊಂದರೆ ತಿಳಿಯಲ್ಲ, ಆದ್ದರಿಂದ ನಾವೇ ಬಾಯಿ ಬಿಟ್ಟು ಹೇಳಿ ಆ ಮೂಲೆಯನ್ನು ಗುಂಡಗೆ ಮಾಡಿಸಿ, ಸ್ವಲ್ಪ ಹೊರಗೆ ತಿರುಗಿಸಿಕೊಳ್ಳಬೇಕು. ಒಳಉಡುಪಿನ ಪಟ್ಟಿ, ತಾಳಿ ಸರ, ಸೆರಗಿನ ಪಿನ್ನು ಹಿಡಿಯ ಕೆಳಗೆ ಸಿಕ್ಕದ ಹಾಗೆ ನೋಡಿಕೊಳ್ಳಿ. ನನ್ನ ಹಳೆಯ ನೇರಳೆ ಬಣ್ಣಕ್ಕೆ ಅರ್ಧ ಕಾರಣ ಆ ಪಿನ್ನೇ.

ಲೈಸೆನ್ಸ್ ಇರುವ ರಿಪೇರಿಯವರು ಎರಡೂಕಾಲು ಇಂಚು ಮರ ಕೊಯ್ದು, ಮುಕ್ಕಾಲು ಇಂಚಿನ ರಬ್ಬರ್ ಹಾಕಿದರು. ಎಚ್ಚರ, ಗಿಡ್ಡ ಮಾಡಿಸುವುದು ಮರವನ್ನು ಮಾತ್ರ. ಅನುಮತಿ ಇಲ್ಲದೆ ನಳಿಗೆ ಕತ್ತರಿಸುವುದು 1959ರ ಆಯುಧ ಕಾಯ್ದೆಯ ಪ್ರಕಾರ ಅಪರಾಧ.

ಕಾಗದಪತ್ರದ ಕೆಲಸ ಇದಕ್ಕಿಂತ ಉದ್ದ. ಲೈಸೆನ್ಸ್‌ದಾರರಿಗೆ ಎಪ್ಪತ್ತು ವರ್ಷವಾದರೆ, ಅಥವಾ ಕೋವಿ ಅವರ ಹತ್ತಿರ ಇಪ್ಪತ್ತೈದು ವರ್ಷ ಇದ್ದರೆ, ವಾರಸುದಾರರೊಬ್ಬರ ಹೆಸರಿಗೆ ಕೊಡಲು 2016ರ ನಿಯಮಗಳಲ್ಲಿ ಅವಕಾಶ ಇದೆ. ಮಗನ ಹೆಸರು ಬಿಟ್ಟು ಸೊಸೆಗೆ ಯಾಕೆ ಅಂತ ವಿಚಾರಣೆಗೆ ಬಂದವರು ಕೇಳಿದರು. ಮಾವನವರು, "ರಾತ್ರಿ ಮನೇಲಿರೋದು ಅವಳು," ಅಂದರು. ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕು, ಪೊಲೀಸರು ಜಿಲ್ಲೆಗಳಲ್ಲಿ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರದ ಬಗ್ಗೆಯೂ ವಿಚಾರಿಸಿ. ಬೆಂಗಳೂರು ನಗರದ ವ್ಯಾಪ್ತಿಯಲ್ಲಿದ್ದರೆ ಪೊಲೀಸ್ ಕಮಿಷನರ್, ಆಚೆಗೆ ಜಿಲ್ಲಾಧಿಕಾರಿ. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಲು ಹೇಳುತ್ತಾರೆ, ಆ ಒಂದೆರಡು ತಿಂಗಳು ನಾಯಿಯೇ ಗತಿ.

ಶಿಬಿರದಲ್ಲಿ ಕಾನೂನನ್ನೂ ಹೇಳಿಕೊಟ್ಟರು. ಕೇಬಲ್ ಕದಿಯುವವನ ಮೇಲೆ ಗುಂಡು ಹಾರಿಸುವಂತಿಲ್ಲ. ಬರೀ ಕಳ್ಳತನಕ್ಕೆ ಪ್ರಾಣ ತೆಗೆಯುವ ಹಕ್ಕಿಲ್ಲ. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿ ಆತ್ಮರಕ್ಷಣೆಯ ಹಕ್ಕು ಇದೆ, ಅದಕ್ಕೆ ಮಿತಿಯೂ ಇದೆ. ಆವತ್ತು ನನ್ನ ಬೆರಳು ಟ್ರಿಗರ್‌ಗೆ ಸಿಕ್ಕಿದ್ದು, ಹೆದರಿಕೆಯಲ್ಲಿ ಕಿಟಕಿಯಿಂದ ಹೊಡೆದುಬಿಟ್ಟಿದ್ದರೆ ಕಟಕಟೆಯಲ್ಲಿ ನಿಲ್ಲುತ್ತಿದ್ದವಳು ನಾನೇ! ಅದು ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತೆ. ಅಕ್ಕ ತನಗೂ ಒಂದು ಕೋವಿ ಬೇಕು ಅಂದಾಗ ನಾನೇ ಬೇಡ ಅಂದೆ. ಆರ್.ಟಿ. ನಗರದಲ್ಲಿ ಕಿಟಕಿ ತೆಗೆದರೆ ಪಕ್ಕದವರ ಅಡಿಗೆಮನೆ, ತಪ್ಪಿದ ಚರೆ ಯಾರ ಮೈಗೆ ಹೋಗುತ್ತೋ! ಅವಳಿಗೆ ಗಟ್ಟಿ ಬಾಗಿಲು, ಒಳ್ಳೆಯ ಬೀಗ ಸಾಕು.

ಈಗ ಕೋವಿ ಬೀಗ ಹಾಕಿದ ಬೀರುವಿನಲ್ಲಿ, ತೋಟಾ ಬೇರೆ ಪೆಟ್ಟಿಗೆಯಲ್ಲಿ, ಎರಡರ ಬೀಗದ ಕೈ ನನ್ನ ಸೊಂಟದಲ್ಲಿ. ಇಲ್ಲಿಯವರೆಗೆ ತೆಗೆದದ್ದು ಎಣ್ಣೆ ಒರೆಸಲು ಮಾತ್ರ.

ಕೊಯ್ದ ಮರದ ತುಂಡನ್ನು ರಿಪೇರಿಯವರು ಕಾಗದದಲ್ಲಿ ಸುತ್ತಿ ಕೊಟ್ಟಿದ್ದರು. ಮಾವನವರು ಅದನ್ನು ಟ್ರಂಕಿನಲ್ಲಿ ಇಟ್ಟುಕೊಳ್ಳುತ್ತಾರೆ ಅಂದುಕೊಂಡಿದ್ದೆ. ಮೊನ್ನೆ ಕಸ ಗುಡಿಸುವಾಗ ನೋಡುತ್ತೇನೆ, ಅವರ ಮಂಚದ ಗೆದ್ದಲು ತಿಂದ ಕಾಲಿನ ಕೆಳಗೆ ಇಷ್ಟು ದಿನ ಇದ್ದ ಇಟ್ಟಿಗೆ ಚೂರು ಇಲ್ಲ, ಆ ಆಕ್ರೋಟಿನ ತುಂಡು ಇದೆ.