ಮಂಜೂರಿಗೆ ಕಾದ ಕೈಗವಸು

ಮನೆಯಲ್ಲಿ ಸಕ್ಕರೆ ತೀರಿದರೆ ಮನೆಯಾಕೆ “ಸಕ್ಕರೆ ತೀರಿತು” ಎನ್ನುತ್ತಾಳೆ. ಯಜಮಾನನು “ಮೊನ್ನೆಯಷ್ಟೆ ತಂದಿದ್ದೆನಲ್ಲ!” ಎಂದು ಗೊಣಗುತ್ತಾನೆ. ಸಂಜೆಗೆ ಸಕ್ಕರೆ ಬರುತ್ತದೆ. ಬೇಡಿಕೆ, ವಿಚಾರಣೆ, ಮಂಜೂರಿ, ಖರೀದಿ—ನಾಲ್ಕೂ ಎರಡು ಮಾತಿನಲ್ಲಿ ಮುಗಿದುವು. ನೂರಾರು ಜನ ದುಡಿಯುವ ಕಾರ್ಖಾನೆಯಲ್ಲಿ ಈ ಎರಡು ಮಾತು ಎಷ್ಟು ಮೆಟ್ಟಲು ಹತ್ತಿ ಇಳಿಯಬೇಕಾಗುತ್ತದೆಂಬುದನ್ನು ಹೊರಗಿನವರು ಅರಿಯರು.

ತುರ್ಭೆಯ ನಮ್ಮವರಿಗೆ ಕಾರ್ಖಾನೆಯೆಂಬುದು ಹೊಸ ಮಾತಲ್ಲ. ೧೯೬೨ರಲ್ಲಿ ಹುಟ್ಟಿದ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು ಠಾಣೆ-ಬೇಲಾಪುರ ರಸ್ತೆಯ ಬದಿಯಲ್ಲಿ ಬೆಳೆಸಿದ ಕೈಗಾರಿಕಾ ಪ್ರದೇಶದೊಳಗೇ ನಮ್ಮ ಈ ಊರು ಸೇರಿಕೊಂಡಿದೆ. ಇಲ್ಲಿಯ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ನನಗೆ ಅನ್ನದ ಋಣ.

ಮುಂಬಯಿಯ ಉಡುಪಿ ಹೋಟೆಲುಗಳನ್ನು ಹತ್ತಿರದಿಂದ ಕಂಡವರಿಗೆ ಈ ವ್ಯವಹಾರದ ತಿರುಳು ಗೊತ್ತು. ಅಡಿಗೆಯ ಭಟ್ಟರು ತೆಂಗಿನಕಾಯಿ ಬೇಕೆನ್ನುತ್ತಾರೆ. ಗಲ್ಲೆಯಲ್ಲಿ ಕುಳಿತ ಧಣಿಗಳು ಹೂಂ ಎನ್ನುತ್ತಾರೆ. ಮಾರುಕಟ್ಟೆಗೆ ಹೋಗುವವನು ಬೇರೆ. ಬಂದುದನ್ನು ಎಣಿಸಿಕೊಳ್ಳುವವನು ಮತ್ತೂ ಬೇರೆ. ಬೇಡುವವನ ಕೈಗೇ ಹಣದ ಚೀಲವನ್ನು ಕೊಡಬಾರದೆಂಬ ಈ ಹಳೆಯ ವಿವೇಕವನ್ನೇ ಇಂದಿನ ವ್ಯಾಪಾರದ ಸಾಫ್ಟ್‌ವೇರು ತನ್ನೊಳಗೆ ಇಟ್ಟುಕೊಂಡಿದೆ.

೧೯೭೨ರಲ್ಲಿ ಐ.ಬಿ.ಎಂ. ಬಿಟ್ಟು ಬಂದ ಐವರು ಜರ್ಮನಿಯಲ್ಲಿ ಎಸ್.ಎ.ಪಿ. ಕಂಪನಿಯನ್ನು ಕಟ್ಟಿದರು. ೧೯೮೬ರಲ್ಲಿ ನಮ್ಮ ಬೆಂಗಳೂರಿನಲ್ಲಿ ಗೋಯೆಂಕಾ ತಂದೆ-ಮಗ ಆರಂಭಿಸಿದ ಉದ್ಯಮವು ಟ್ಯಾಲಿಯಾಗಿ ಬೆಳೆದು, ಸಣ್ಣ ಅಂಗಡಿಗಳ ಲೆಕ್ಕವನ್ನೂ ಕಂಪ್ಯೂಟರಿಗೆ ತಂದಿತು. ಸಾಫ್ಟ್‌ವೇರಿನ ಹೆಸರು ಯಾವುದಾದರೂ ಕಾರ್ಖಾನೆಯ ಖರೀದಿಯ ದಾರಿ ಹೆಚ್ಚುಕಡಮೆ ಒಂದೇ. ಬೇಕಾದವನು ಪರದೆಯ ಮೇಲೆ ಇಂಡೆಂಟು ತುಂಬುತ್ತಾನೆ—ಏನು, ಎಷ್ಟು, ಯಾವ ದಿನಕ್ಕೆ, ಯಾವ ಖಾತೆಯ ಖರ್ಚು. ಅದು ಅವನ ವಿಭಾಗದ ಮುಖ್ಯಸ್ಥರ ಬಳಿಗೆ ಹೋಗುತ್ತದೆ. ಮೊತ್ತ ದೊಡ್ಡದಾದಷ್ಟೂ ಇನ್ನೂ ಮೇಲಿನವರಿಗೆ ಏರುತ್ತದೆ. ಮಂಜೂರಾದ ಮೇಲೆ ದರಪಟ್ಟಿ ತರಿಸಿ ಆರ್ಡರು ಕಳಿಸುವುದು ನಮ್ಮ ಪಾಲು. ಸರಕು ಬಂದಾಗ ಉಗ್ರಾಣದವರು ಎಣಿಸಿ ಬರೆದುಕೊಳ್ಳುತ್ತಾರೆ. ಕೊನೆಗೆ ಆರ್ಡರು, ಬಂದ ಸರಕು, ಬಿಲ್ಲು—ಮೂರೂ ತಾಳೆಯಾದರೆ ಹಣ ಸಂದಾಯವಾಗುತ್ತದೆ. ತನ್ನ ಇಂಡೆಂಟನ್ನು ತಾನೇ ಮಂಜೂರು ಮಾಡಿಕೊಳ್ಳದಂತೆ ತಡೆಯನ್ನೂ ಇಡಬಹುದು.

ಮನುಷ್ಯನ ಬುದ್ಧಿ ಬೇಲಿಯಲ್ಲಿ ಕಂಡಿ ಹುಡುಕದೆ ಇದ್ದೀತೆ? ೨೫,೦೦೦ ರೂಪಾಯಿಗೆ ಮೀರಿದುದು ದೊಡ್ಡ ಸಾಹೇಬರಿಗೆ ಹೋಗುವುದಾದರೆ, ೬೦,೦೦೦ದ ಸಾಮಾನನ್ನು ಮೂರು ತುಂಡು ಮಾಡಿ ಮೂರು ಇಂಡೆಂಟು ಹಾಕುವವರುಂಟು. ಮೇಲಿನವರ ಮಂಜೂರಿಯನ್ನು ತಪ್ಪಿಸಲು ಬೇಡಿಕೆಯನ್ನು ಹೀಗೆ ತುಂಡರಿಸಬಾರದೆಂದು ಭಾರತ ಸರಕಾರದ ೨೦೧೭ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ೧೫೭ನೆಯದು ಬಿಡಿಸಿ ಹೇಳಬೇಕಾಯಿತು. ಆದುದರಿಂದ ಮಂಜೂರಿಯ ಮೆಟ್ಟಲುಗಳನ್ನು ನಾನು ಜರೆಯುವವನಲ್ಲ. ಆದರೆ ಮೆಟ್ಟಲಿನ ಮೇಲೆ ಆಳೇ ಇಲ್ಲದಿದ್ದರೆ?

ಒಂದು ಮಳೆಗಾಲದಲ್ಲಿ ನಡೆದುದನ್ನು ಹೇಳುತ್ತೇನೆ. ಆಮ್ಲದ ತೊಟ್ಟಿಯ ಬಳಿ ದುಡಿಯುವವರ ರಬ್ಬರಿನ ಕೈಗವಸುಗಳು ತೀರುತ್ತ ಬಂದಿದ್ದುವು. ಉಗ್ರಾಣವನ್ನು ನೋಡಿಕೊಳ್ಳುವ ಮರಾಠಿ ಹಿರಿಯರು—ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ—ಸಕಾಲದಲ್ಲಿ ಇಂಡೆಂಟು ಹಾಕಿದರು. ಮಂಜೂರು ಮಾಡಬೇಕಾದ ಅಧಿಕಾರಿಗಳು ತಂದೆಯ ವರ್ಷಾಂತಕ್ಕೆಂದು ಊರಿಗೆ ಹೋಗಿದ್ದರು. ತಮ್ಮ ಬದಲಿಗೆ ಯಾರನ್ನೂ ನೇಮಿಸಿರಲಿಲ್ಲ. ಇಂಡೆಂಟು ೧೧ ದಿನ ಹಾಗೆಯೇ ಕುಳಿತಿತು. ಅದೇ ವಾರ ಅತಿಥಿಗಳ ಕೋಣೆಗೆ ಹೊಸ ಕುರ್ಚಿಗಳು ಒಂದೇ ಮಧ್ಯಾಹ್ನದಲ್ಲಿ ಮಂಜೂರಾದುವು. ಅದನ್ನು ನೋಡುವ ಅಧಿಕಾರಿಗಳು ಕಚೇರಿಯಲ್ಲಿಯೇ ಇದ್ದರು! ಕಾಕಾ ದಿನಕ್ಕೆರಡು ಸಲ ಬಂದು “ಸಾಹೇಬ ಆಲೇ ಕಾ?” ಎಂದು ಕೇಳಿ ಹೋಗುತ್ತಿದ್ದರು. ಮಂಜೂರಿಯಿಲ್ಲದೆ ಆರ್ಡರು ಬರೆಯಲು ಕಂಪ್ಯೂಟರು ನಮಗೆ ಬಿಡದು. ಮೇಲಿನವರಿಗೆ ಬರೆದೆವು, “ಅವರೇ ಬರಲಿ” ಎಂಬ ಉತ್ತರ ಬಂದಿತು. ಅಷ್ಟರಲ್ಲಿ ಹರಿದ ಗವಸಿಗೆ ಪಟ್ಟಿ ಸುತ್ತಿಕೊಂಡು ದುಡಿಯುತ್ತಿದ್ದ ಹುಡುಗನೊಬ್ಬನ ಎರಡು ಬೆರಳು ಸುಟ್ಟುವು. ಗಾಯ ಮಾಯಿತು, ಚರ್ಮದ ಬಣ್ಣ ಹಿಂದಿನಂತಾಗಲಿಲ್ಲ.

ಕಾಗದದ ಕಾಲವಾಗಿದ್ದರೆ ಚೀಟಿ ಯಾವ ಮೇಜಿನ ಖಾನೆಯಲ್ಲಿ ಎಷ್ಟು ದಿನ ಮಲಗಿತ್ತೆಂದು ಹೇಳುವವರಿರುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಇಂಡೆಂಟು ಬಂದ ದಿನ, ಗಂಟೆ, ನಿಮಿಷ ಎಲ್ಲವೂ ದಾಖಲಾಗಿತ್ತು. ಅದರ ಮುಂದಿನ ಮನೆ ಮಾತ್ರ ಖಾಲಿ. ಆ ಖಾಲಿ ಮನೆಯನ್ನು ಎಲ್ಲರೂ ನೋಡಿದರು. ಊರಿನಿಂದ ಮರಳಿದ ಅಧಿಕಾರಿಗಳೂ ನೋಡಿದರು. ಅಂದು ಅವರು ಊಟದ ಡಬ್ಬಿಯನ್ನು ಬಿಚ್ಚಲಿಲ್ಲ.

ಆ ಬಳಿಕ ಮೂರು ಏರ್ಪಾಡುಗಳಾದುವು. ರಜೆಗೆ ಹೋಗುವವರು ತಮ್ಮ ಬದಲಿಯವರ ಹೆಸರನ್ನು ಕಂಪ್ಯೂಟರಿನಲ್ಲಿ ನಮೂದಿಸಿಯೇ ಹೋಗಬೇಕು. ಎರಡು ದಿನ ಕುಳಿತ ಇಂಡೆಂಟು ತಾನಾಗಿ ಮೇಲಿನವರಿಗೆ ಏರಬೇಕು. ಕೈಗವಸು, ಕನ್ನಡಕ, ಹೆಲ್ಮೆಟ್ಟುಗಳ ದಾಸ್ತಾನು ಗೊತ್ತುಮಾಡಿದ ಮಟ್ಟಕ್ಕಿಂತ ಇಳಿದೊಡನೆ ಇಂಡೆಂಟು ತಾನೇ ಹುಟ್ಟಬೇಕು. ಈ ಅನುಕೂಲಗಳೆಲ್ಲ ಆ ಸಾಫ್ಟ್‌ವೇರಿನಲ್ಲಿ ಮೊದಲಿನಿಂದಲೂ ಇದ್ದುವು. ಬಳಸುವ ಮನಸ್ಸು ಬರಲು ಒಬ್ಬನ ಬೆರಳು ಸುಡಬೇಕಾಯಿತು.

ನಮ್ಮ ಮಕ್ಕಳಲ್ಲಿ ಅನೇಕರು ಇಂದು ಇಂಥ ಮಂಜೂರಿ ಕೊಡುವ ಹುದ್ದೆಗಳಲ್ಲಿದ್ದಾರೆ. ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಮೊಬೈಲಿನಲ್ಲಿ ನಲವತ್ತು ಮಂಜೂರಿಗಳನ್ನು ಒಂದೇ ಸಲಕ್ಕೆ ಒತ್ತಿಬಿಡುವವರನ್ನೂ ನಾನು ಬಲ್ಲೆ. ಅವರಲ್ಲಿ ನನ್ನದೊಂದು ವಿನಂತಿ: ಒತ್ತುವ ಮೊದಲು ಏನು, ಯಾರಿಗೆ ಎಂಬುದನ್ನು ಓದಿರಿ, ರಜೆಗೆ ಹೊರಡುವ ಮೊದಲು ಬದಲಿಯವರ ಹೆಸರು ಬರೆಯಿರಿ. ನೀವು ಊರಿನಿಂದ ಮರಳುವ ತನಕ ಕಾಯಲಾರದ ಸಾಮಾನೂ ಆ ಪಟ್ಟಿಯಲ್ಲಿ ಇರಬಹುದು.